ಗಬ್ಬೂರಿನಲ್ಲಿ ನಿಲ್ಲುವ ವಿಮಾನ

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ತಡ. ದೇವದುರ್ಗದ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಸಮಾಜ ವಿಜ್ಞಾನ ಕಲಿತ ಯಾರನ್ನು ಬೇಕಾದರೂ ಕೇಳಿ, ವಿಜಯಲಕ್ಷ್ಮಿ ಟೀಚರ್ ಅಂದಕೂಡಲೇ ಮೊದಲು ಕಿವಿ ಮುಟ್ಟಿಕೊಳ್ಳುತ್ತಾರೆ, ಆಮೇಲೆ ನಗುತ್ತಾರೆ. ಆದರೆ ಈ ವರ್ಷ ನನ್ನ ಸಿಟ್ಟು ಯಾವ ಹುಡುಗರ ಮೇಲೂ ಬರಲಿಲ್ಲ. ಒಂದು ವಿಮಾನದ ಮೇಲೆ ಬಂತು. ಅದಕ್ಕೆ ಕಾರಣ ತಿಳಿಯಬೇಕಾದರೆ ಮೊದಲು ಒಂದು ಬಸ್ಸಿನ ವಿಷಯ ಹೇಳಬೇಕು.

ನಾನು ಮದುವೆಯಾಗಿ ರಾಯಚೂರಿಗೆ ಬಂದಾಗ ಮನೆ ತುಂಬಾ ಜನ. ಅತ್ತೆ, ಗಂಡನ ಅಣ್ಣ ಮರಿಸ್ವಾಮಿ, ಅವರ ಹೆಂಡತಿ ನೀಲಗಂಗಮ್ಮ, ಮೇಲೆ ಬಂದುಹೋಗುವ ನೆಂಟರು. ಆ ಮನೆಯಲ್ಲಿ ಹಿರಿಯರ ಎದುರಿಗೆ ಗಂಡ ಹೆಂಡತಿ ಒಂದೇ ಜಮಖಾನೆಯ ಮೇಲೆ ಕೂಡುವಂತಿರಲಿಲ್ಲ. ನನ್ನ ಗಂಡ ಶಿವರಾಜ ನನ್ನಿಂದ ಒಂದು ಲೋಟ ನೀರು ಬೇಕಾದರೂ ಗೋಡೆ ನೋಡಿಕೊಂಡು ಕೇಳುತ್ತಿದ್ದರು. ಆದರೆ ಬೆಳಿಗ್ಗೆ ನಾನು ಶಾಲೆಗೆ, ಅವರು ಹತ್ತಿ ಖರೀದಿಗೆ, ಇಬ್ಬರೂ ದೇವದುರ್ಗದ ಒಂದೇ ಲೈನ್ ಬಸ್ಸು ಹಿಡಿಯುತ್ತಿದ್ದೆವು. ಎರಡು ಜನರ ಸೀಟು. ಕಿಟಕಿಗೆ ನಾನು, ಪಕ್ಕದಲ್ಲಿ ಅವರು. ಬಸ್ಸು ಊರು ದಾಟಿದ್ದೇ ತಡ, ಗೋಡೆ ನೋಡುತ್ತಿದ್ದ ಮನುಷ್ಯನ ಬಾಯಿಗೆ ಬೀಗವೇ ಇರುತ್ತಿರಲಿಲ್ಲ.

ದಾರಿಯಲ್ಲಿ ಗಬ್ಬೂರು ಬರುತ್ತದೆ. ಅಲ್ಲಿ ಬಸ್ಸು ನಿಂತು ಡ್ರೈವರ್ ಕಂಡಕ್ಟರ್ ಇಬ್ಬರೂ ಚಹಾಕ್ಕೆ ಇಳಿಯುತ್ತಿದ್ದರು. ಮನೆಗೆಲಸ ಮುಗಿಸಿ ಓಡಿಬಂದ ನಾನು ಅಷ್ಟರೊಳಗೆ ಅವರ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಗಿರುತ್ತಿದ್ದೆ. "ಏ ವಿಜಿ, ಏಳು, ಗಬ್ಬೂರು ಬಂತು" ಅಂತ ಎಬ್ಬಿಸಿ, ಕೆಳಗಿಳಿದು, ಪೇಪರಿನಲ್ಲಿ ಬಿಸಿ ಮಿರ್ಚಿಬಜ್ಜಿ ಕಟ್ಟಿಸಿಕೊಂಡು ಬರುತ್ತಿದ್ದರು. ನಮ್ಮ ಸಂಸಾರದ ಮೊದಲಿನ ಮಾತೆಲ್ಲ ಆ ಬಸ್ಸಿನಲ್ಲೇ ಆದದ್ದು. ಮಗಳು ಹುಟ್ಟಿದರೆ ದೇವಿಕಾ ಅಂತ ಹೆಸರಿಡೋಣ ಅಂದುಕೊಂಡದ್ದೂ ಗಬ್ಬೂರು ದಾಟಿದ ಮೇಲೆಯೇ.

ಆಮೇಲೆ ನಮ್ಮ ದಂಧೆ ಕೈಹತ್ತಿತು. ಗಂಜ್ ಮಾರುಕಟ್ಟೆಯಲ್ಲಿ ಶಿವರಾಜರದೇ ಹತ್ತಿ ದಲಾಲಿಯ ಅಡತಿ ಅಂಗಡಿಯಾಯಿತು. ಭಾವ ಮರಿಸ್ವಾಮಿ ಮಾನ್ವಿಯಲ್ಲಿ ಅಕ್ಕಿ ಗಿರಣಿ ಹಾಕಿ ಅಲ್ಲಿಗೇ ಹೋದರು. ನಮಗೆ ಕಾರು ಬಂತು, ಕಾರಿಗೆ ಖಾಜಾ ಅಂತ ಡ್ರೈವರ್ ಬಂದ. ನಮ್ಮ ಮನೆಯ ಸಾವ್ಕಾರರು ಶಿವರಾಜ ಡ್ರೈವರ್ ಪಕ್ಕ, ನಾನು ಹಿಂದೆ ಚೀಲಗಳ ಜೊತೆ. ಇನ್ನು ಮನೆಮಂದಿಯೆಲ್ಲ ಹೊರಟರೆ ಭಾವ ಒಂದು ದೊಡ್ಡ ಕ್ರೂಸರ್ ಜೀಪು ಬಾಡಿಗೆ ಹಿಡಿಯುತ್ತಾರೆ. ಡ್ರೈವರ್ ಪಕ್ಕದ ಸೀಟು ಅವರದು, ಅಲ್ಲಿ ಕೂತು ಗಾಡಿಯನ್ನು ತಾವೇ ಓಡಿಸುತ್ತಿದ್ದೇವೆ ಅಂತಲೇ ಅವರ ನಂಬಿಕೆ. ಅವರ ಹಿಂದೆ ಗಂಡಸರು, ಗಂಡಸರ ಹಿಂದೆ ಹೆಣ್ಣುಮಕ್ಕಳು, ನನ್ನ ತೊಡೆಯ ಮೇಲೆ ಚಕ್ಕುಲಿ ಡಬ್ಬಿ. ಶ್ರೀಶೈಲಕ್ಕೆ ಹೋದರೂ ಅಷ್ಟೇ, ಇಲ್ಲೇ ಹೊಳೆದಂಡೆಯ ಗೂಗಲ್ ಊರಿನ ಅಲ್ಲಮಪ್ರಭುವಿನ ಗುಡಿಗೆ ಹೋದರೂ ಅಷ್ಟೇ. ಇಷ್ಟು ವರ್ಷ ನಾನು ದಾರಿಯುದ್ದಕ್ಕೂ ನೋಡಿದ್ದು ನನ್ನ ಗಂಡನ ಹಿಂದಲೆಯನ್ನು. ಅಲ್ಲಿ ಕೂದಲು ಉದುರುತ್ತಿದ್ದುದು ಅವರಿಗಿಂತ ಮೊದಲು ನನಗೆ ಗೊತ್ತಾಗಿತ್ತು.

ಈ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬುತ್ತದೆ. ಒಂದು ದಿನ ಊಟಕ್ಕೆ ಕೂತಾಗ ಅವರೇ ಕೇಳಿದರು.

"ಎಲ್ಲಿಗರ ಹೋಗೋಣೇನು ವಿಜಿ? ದೂರ ಆದ್ರೂ ನಡೀತದ."

"ಈಜಿಪ್ಟ್" ಅಂದೆ. ಯೋಚನೆ ಮಾಡಲಿಕ್ಕೇ ಹೋಗಲಿಲ್ಲ. ವರ್ಷವರ್ಷವೂ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ನೈಲ್ ನದಿ ಬರೆದು ಅಳಿಸಿದವಳು ನಾನು. ಒಂದು ಸಲ ಅಳಿಸಲಾಗದ ನೈಲ್ ನೋಡಬೇಕಿತ್ತು.

ಅವರ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ನಾ ಧರ್ಮಸ್ಥಳ ಅಂತಿ ಅಂತ ಮಾಡಿದ್ದೆ."

"ಇಬ್ಬರ ಹೋಗೋಣ್ರಿ."

"ಹೂಂ, ಇಬ್ಬರ" ಅಂದರು. ಅಂದವರು ಸಂಜೆ ಅಣ್ಣನಿಗೆ ಫೋನ್ ಮಾಡಿ ಖುಷಿಯಿಂದ ಹೇಳಿಬಿಟ್ಟರು.

ಮರುದಿನವೇ ಮಾನ್ವಿಯಿಂದ ಭಾವನ ಫೋನು. "ಯವ್ವಾ ವಿಜಯಾ, ಈಜಿಪ್ಟ್ ಅಂತಲ್ಲ! ಬೇಷ್ ಆತು. ನಾವೆಲ್ಲಾ ಬರಾಕತ್ತೀವಿ. ಭತ್ತ ಬರೋದ್ರೊಳಗ ಹೋಗಿ ಬಂದುಬಿಡೂಣು. ಗಿರಣಿ ಲೆಕ್ಕ ಬರಿಯೋ ಉದಯಕುಮಾರ ಬರ್ತಾನ, ಅವನ ಹೆಂಡ್ತಿ ಪ್ರಿಯದರ್ಶಿನಿ ಬರ್ತಾಳ, ಚೀಕಲಪರ್ವಿ ಸಣ್ಣಮಾವ ಬರ್ತಾನ. ಹೈದರಾಬಾದಿನಿಂದ ಇಡೀ ವಿಮಾನನ ಬಾಡಿಗಿ ಹಿಡ್ಯೋದು ಇರ್ತದಂತ!"

ಭಾವ ಕೆಟ್ಟವರಲ್ಲ. ಮಾವ ಇಲ್ಲದ ಮನೆಯಲ್ಲಿ ತಮ್ಮನನ್ನು ಓದಿಸಿ, ದಂಧೆಗೆ ಹಚ್ಚಿ, ಮದುವೆ ಮಾಡಿದವರು ಅವರೇ. ಅವರಿಗೆ ಪ್ರೀತಿ ಅಂದರೆ ಎಲ್ಲರನ್ನೂ ಒಂದೇ ಗಾಡಿಯಲ್ಲಿ ತುಂಬಿಕೊಂಡು ಹೋಗುವುದು. ನನ್ನ ಗಂಡ ಹುಟ್ಟಿದಾಗಿನಿಂದ ಅಣ್ಣನಿಗೆ 'ಇಲ್ಲ' ಅಂದದ್ದನ್ನು ಯಾರೂ ಕೇಳಿಲ್ಲ.

ಆ ವಾರವೇ ಸ್ಟೇಷನ್ ರಸ್ತೆಯಲ್ಲಿ ಟಿಕೆಟ್ ಆಫೀಸು ನಡೆಸುವ ಗುಲ್ಫಶಾಳ ಹತ್ತಿರ ಭಾವ, ನಾವಿಬ್ಬರು, ಮೂವರೂ ಹೋದೆವು. ಗುಲ್ಫಶಾ ನನ್ನ ಹಳೆಯ ವಿದ್ಯಾರ್ಥಿನಿ. ನನ್ನನ್ನು ಕಂಡು ಎದ್ದು ನಿಂತಳು, ಕಿವಿ ಮುಟ್ಟಿಕೊಂಡಳು, ನಕ್ಕಳು. ಚಹಾ ತರಿಸಿ ಹೇಳತೊಡಗಿದಳು.

"ಎರಡು ದಾರಿ ಅದಾವ್ರಿ ಸಾವ್ಕಾರ್ರ. ಒಂದು ಚಾರ್ಟರ್. ಟೂರ್ ಕಂಪನಿಯವ್ರು ಇಡೀ ವಿಮಾನ ಬಾಡಿಗಿ ಹಿಡ್ದು ತಮ್ಮ ಮಂದಿನ್ನ ಅಷ್ಟ ಕರ್ಕೊಂಡು ಹೋಗ್ತಾರ. ಸೀದಾ ಕೈರೋ. ಇನ್ನೊಂದು ಶೆಡ್ಯೂಲ್ಡ್. ದಿನಾ ತನ್ನ ಟೈಮಿಗೆ ಹೋಗೋದು, ಯಾರರ ಹತ್ತಬಹುದು. ಅದ್ರ ನಡುವ ಗಲ್ಫಿನಾಗ ಇಳ್ದು ಬ್ಯಾರೆ ವಿಮಾನ ಹತ್ತಬೇಕು."

"ತಿಳೀತು ಬಿಡವ್ವಾ" ಅಂದರು ಭಾವ. "ಒಂದು ಕ್ರೂಸರ್, ಒಂದು ಲೈನ್ ಬಸ್ಸು."

ಗುಲ್ಫಶಾ ಒಂದು ಕ್ಷಣ ಯೋಚಿಸಿ "ಹಂಗ ಅನ್ಕೋರ್ರಿ" ಅಂದಳು. ಅಲ್ಲಿಂದ ಎಡವಟ್ಟು ಶುರುವಾಯಿತು.

"ಹಂಗಿದ್ರ ಡ್ರೈವರ್ ಬಾಜೂದ ಸೀಟು ನನಗ ಬರ್ಕೋ" ಅಂದರು ಭಾವ.

"ಅಲ್ಲಿ ಯಾರ್ನೂ ಬಿಡಂಗಿಲ್ರಿ."

"ಇಡೀ ಗಾಡಿ ಹಿಡದ ಮ್ಯಾಲೂ? ಹೋಗ್ಲಿ ಬಿಡು. ಎರಡು ಚೀಲ ಸೋನಾ ಮಸೂರಿ ಒಯ್ಯಬೇಕು. ಮ್ಯಾಲೆ ಕಟ್ಟತಾರೋ, ಒಳಗ ಹಾಕ್ತಾರೋ?"

"ಒಬ್ಬರಿಗೆ ಇಷ್ಟ ಸಾಮಾನು ಅಂತ ಇರ್ತದ್ರಿ. ಚಾರ್ಟರ್‌ದಾಗ ಇನ್ನೂ ಕಡಿಮಿ."

"ಸಣ್ಣಮಾವ ಚೀಕಲಪರ್ವಿಯಿಂದ ಬರಬೇಕು. ಅಂವ ಎಂದೂ ಹೊತ್ತಿಗೆ ಬಂದಾಂವಲ್ಲ. ಹತ್ತು ಮಿನಿಟು ನಿಲ್ಲಸ್ತಾರಲ್ಲ?"

"ನಿಲ್ಲಸಂಗಿಲ್ರಿ ಸಾವ್ಕಾರ್ರ. ಹೋಗೋ ತಾರೀಖೂ ಅವ್ರು ಹೇಳಿದ್ದ. ಬರಲಿಲ್ಲ ಅಂದ್ರ ರೊಕ್ಕಾನೂ ವಾಪಸ್ ಇಲ್ಲ."

ಭಾವ ಚಹಾದ ಕಪ್ಪು ಕೆಳಗಿಟ್ಟರು. "ಹಂಗಾದ್ರ ಇಡೀ ಗಾಡಿ ಹಿಡ್ದು ಏನು ಸುಖ ಬಂತವ್ವಾ?"

"ಸೀದಾ ಹೋಗ್ತದ, ನಡುವ ಇಳಿಯೋ ತ್ರಾಸಿಲ್ಲ" ಅಂದಳು ಗುಲ್ಫಶಾ. "ನಿಮ್ಮ ಗುಂಪು ಎಲ್ಲಾ ಒಂದ ಕಡಿ ಇರ್ತದ. ಯಾರು ಎಲ್ಲಿ ಕೂಡಬೇಕು ಅಂತ ಗುಂಪಿನ ಹಿರೇರು ಹೇಳಿದ್ರ ಹಂಗ ಸೀಟು ಹಾಕ್ತಾರ."

ಭಾವನ ಮುಖ ಅರಳಿತು. ನನ್ನದು ಬಾಡಿತು. ವಿಮಾನವೂ ಕ್ರೂಸರ್ ಆಗಲಿಕ್ಕಿತ್ತು. ಆಕಾಶದಲ್ಲಿಯೂ ಮುಂದೆ ಗಂಡಸರು, ಹಿಂದೆ ನಾನು ಮತ್ತು ಚಕ್ಕುಲಿ.

ನನಗೆ ಬೇಕಾದದ್ದು ಒಂದೇ. ಗಂಡನ ಪಕ್ಕದಲ್ಲಿ ಕೂತು ದೂರ ಹೋಗಬೇಕು, ನಡುವೆ ಎಲ್ಲಿಯಾದರೂ ಇಳಿಯಬೇಕು, ಏನಾದರೂ ತಿನ್ನಬೇಕು. ಆದರೆ ಐವತ್ತರ ಹತ್ತಿರ ಬಂದ ಹೆಂಗಸು, ಭಾವನ ಮುಂದೆ ಕೂತು 'ನನಗೆ ನನ್ನ ಗಂಡನ ಪಕ್ಕದ ಸೀಟು ಬೇಕು' ಅಂತ ಹೇಗೆ ಹೇಳುವುದು? ಹಾಗಾಗಿ ಸುಳ್ಳು ಕಾರಣಗಳನ್ನು ಹುಡುಕಿದೆ.

"ನನಗ ರಜಾ ಸಿಗ್ತದೋ ಇಲ್ಲೋ ಭಾವಾ. ಲೈನ್ ವಿಮಾನ ಆದ್ರ ದಿನ ಹಿಂದ ಮುಂದ ಮಾಡ್ಕೊಬಹುದು."

"ದಸರಾ ರಜಾದಾಗ ಅದ ಅಲ್ಲವ್ವಾ ಹೊಂಟಿದ್ದು."

"ಅದ್ರಾಗ ಸಾಮಾನು ಜಾಸ್ತಿ ತರಬಹುದು."

"ಏನು ತರ್ತಿ, ಪಿರಮಿಡ್ ಕಿತ್ಕೊಂಡು ಬರ್ತಿಯೇನು?"

"ನನ್ನ ಮೊಣಕಾಲು ಹಿಡೀತಾವ. ನಡುವ ಇಳ್ದು ಅಡ್ಡಾಡಿದ್ರ ಚಲೋ ಅಲ್ಲೇನು?"

"ವಿಮಾನದಾಗ ಅಡ್ಡಾಡು, ಯಾರು ಬ್ಯಾಡ ಅಂತಾರ. ಹೆಂಗೂ ಎಲ್ಲಾರಿಗೂ ತಿನ್ನಾಕ ಹಂಚಾಕಿ ನೀನ" ಅಂದರು ಭಾವ, ಬಹಳ ಪ್ರೀತಿಯಿಂದ.

ನನ್ನ ಪಿತ್ತ ನೆತ್ತಿಗೇರಿತು. ಪಕ್ಕದಲ್ಲಿ ಶಿವರಾಜರು ಅಣ್ಣ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಬಿಸ್ಕೀಟು ಚಹಾದಲ್ಲಿ ಅದ್ದುತ್ತಿದ್ದರು. ಸೋಮವಾರ ಸಂಜೆಯೊಳಗೆ ಒಂದು ಮಾತು ಹೇಳುತ್ತೇವೆ ಅಂತ ಎದ್ದೆವು. ಮೆಟ್ಟಿಲ ಹತ್ತಿರ ಗುಲ್ಫಶಾ ಮೆಲ್ಲಗೆ ಕೇಳಿದಳು, "ಟೀಚರ್, ನಿಮ್ಮ ಮೊಣಕಾಲು ಖರೇನ ನೋಯ್ತಾವೇನ್ರಿ?"

"ನೀ ಸುಮ್ಮಿರು" ಅಂದೆ. ಕ್ಲಾಸಿನ ದನಿಯಲ್ಲೇ ಅಂದೆ, ಪಾಪ.

ಭಾನುವಾರ ಭಾವ ಮತ್ತೆ ಫೋನ್ ಮಾಡಿ ಎಲ್ಲ ಗೊತ್ತುಮಾಡಿದ್ದಾಗಿ ಹೇಳಿದರು. ಗಂಡಸರು ಮುಂದಿನ ಸಾಲುಗಳಲ್ಲಿ, ಇಸ್ಪೀಟು ಆಡಲಿಕ್ಕೆ ಅನುಕೂಲ. ಹೆಣ್ಣುಮಕ್ಕಳು ಕೊನೆಯ ಸಾಲುಗಳಲ್ಲಿ, ಅಡುಗೆಮನೆ ಹತ್ತಿರ. ಫೋನು ಇಟ್ಟಮೇಲೆ ನಾನು ಗಂಡನಿಗೆ ಅಂದೆ, "ಆಗಂಗಿಲ್ಲ ಅಂತ ಹೇಳ್ರಿ."

"ಅಣ್ಣಗ ಇಲ್ಲ ಅಂತ ಹೆಂಗ ಅನ್ನೋದು ವಿಜಿ? ಸೀದಾ ಹೋಗೋ ವಿಮಾನ ಬಿಟ್ಟು ಇಳ್ದು ಹತ್ತೋದ್ರಾಗ ನಿನಗೇನು ಸಿಗ್ತದ?"

ಇಷ್ಟು ವರ್ಷ ಬಾಳಿದ ಮನುಷ್ಯನಿಗೆ ಇದೂ ತಿಳಿಯುವುದಿಲ್ಲವಲ್ಲ ಅಂತ ನನಗೆ ಅಳುವೇ ಬಂತು. ಅಳಲಿಲ್ಲ, ಪಾತ್ರೆ ಕುಕ್ಕಿದೆ.

ಸೋಮವಾರ ಅವರಿಗೆ ದೇವದುರ್ಗದಲ್ಲಿ ಕೆಲಸವಿತ್ತು. ಶಾಲೆ ಬಿಟ್ಟಮೇಲೆ ನನ್ನನ್ನು ಕಾರಿನಲ್ಲಿ ಹತ್ತಿಸಿಕೊಂಡು ಸೀದಾ ಗುಲ್ಫಶಾಳ ಆಫೀಸಿಗೆ ಹೋಗುವುದು ಅಂತ ಮಾತಾಗಿತ್ತು. ನಾನು ಕಾಯಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ರಾಯಚೂರಿನ ಲೈನ್ ಬಸ್ಸು ಹತ್ತಿದೆ. ಕಿಟಕಿ ಸೀಟು ಸಿಕ್ಕಿತು. ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಟ್ಟು, ಮುಖ ಗಂಟು ಹಾಕಿಕೊಂಡು ಕೂತೆ.

ಗಬ್ಬೂರಿನಲ್ಲಿ ಬಸ್ಸು ನಿಂತಿತು. ಹಿಂದೆಯೇ ನಮ್ಮ ಕಾರು ಬಂದು ನಿಂತಿತು. ಶಾಲೆಯಲ್ಲಿ ನಾನು ಸಿಗದೆ ಹುಡುಕಿಕೊಂಡು ಬಂದಿದ್ದರು. ಶಿವರಾಜರು ಇಳಿದು, ಬಸ್ಸಿನ ಒಂದೊಂದೇ ಕಿಟಕಿ ನೋಡುತ್ತ ಬಂದು, ನನ್ನ ಕಿಟಕಿಯ ಕೆಳಗೆ ನಿಂತರು.

"ಇಳಿ ವಿಜಿ. ಕಾರ್ ಅದ."

"ನಿಮ್ಮ ಕಾರಿನಾಗ ನೀವು ಹೋಗ್ರಿ."

"ಯಾಕ ಸಿಟ್ಟು? ಏನಾಗ್ಯಾದ ಹೇಳು."

ನನಗೆ ಇನ್ನು ತಡೆಯಲಾಗಲಿಲ್ಲ. ಬಸ್ಸಿನ ಅರ್ಧ ಜನ ಕೇಳುವಂತೆಯೇ ಹೇಳಿಬಿಟ್ಟೆ. "ನನಗ ನಿಮ್ಮ ಬಾಜೂಕ ಕುಂದರಬೇಕಾಗ್ಯಾದ್ರಿ! ಕಾರಿನಾಗ ಮುಂದ ಹೋಗಿ ಕುಂದರ್ತೀರಿ, ಕ್ರೂಸರ್‌ದಾಗ ಮುಂದ, ಈಗ ವಿಮಾನದಾಗೂ ಮುಂದ. ನಾ ಎಷ್ಟಂತ ನಿಮ್ಮ ಹಿಂದಲಿ ನೋಡ್ಲಿ?"

ಅವರು ತಿರುಗಿ ಹೋಗಿಬಿಟ್ಟರು. ಆದರೆ ಸ್ವಲ್ಪ ಹೊತ್ತಿಗೆ ಬಸ್ಸಿನ ಬಾಗಿಲಲ್ಲಿ ಕಾಣಿಸಿಕೊಂಡರು, ಕೈಯಲ್ಲಿ ಪೇಪರಿನ ಪೊಟ್ಟಣ. ನನ್ನ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಮಿರ್ಚಿಬಜ್ಜಿ ಮೊದಲಿನಷ್ಟೇ ಖಾರವಾಗಿತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಳ್ಳೆಯ ನೆವವಾಯಿತು.

"ಇಷ್ಟು ಹೇಳಾಕ ಪಿರಮಿಡ್ಡು, ಮೊಣಕಾಲು ಎಲ್ಲಾ ಬೇಕಾತೇನು?" ಅಂದರು. ಆಮೇಲೆ ಮೆಲ್ಲಗೆ, "ಕಾರಿನಾಗ ನನ್ನ ಮುಂದ ಬಿಸಿಲಿಗೆ ಇಳಿಸೋ ಪಟ್ಟಿ ಅದ ನೋಡು. ಅದ್ರಾಗೊಂದು ಸಣ್ಣ ಕನ್ನಡಿ ಅದ."

"ಗೊತ್ತದ. ದಾರಿ ತುಂಬಾ ಮೀಸಿ ನೋಡ್ಕೊತೀರಿ."

"ಮೀಸಿ ಅಲ್ಲಲೇ ಹುಚ್ಚಿ. ಅದ್ರಾಗ ನೀ ಕಾಣ್ತಿ."

ನನ್ನ ಸಿಟ್ಟು ತಡವಾಗಿ ಹೋಗುತ್ತದೆ ಅಂದೆನಲ್ಲ, ಆ ದಿನ ನಿಂತ ಬಸ್ಸು ಹೊರಡುವುದರೊಳಗೆ ಹೋಯಿತು. ರಾಯಚೂರು ಮುಟ್ಟುವತನಕ ಖಾಜಾ ಖಾಲಿ ಕಾರು ಓಡಿಸಿಕೊಂಡು ಬಸ್ಸಿನ ಹಿಂದೆಯೇ ಬಂದ. ಒಂದು ತಿರುವಿನಲ್ಲಿ ನೋಡಿದೆ, ಒಬ್ಬನೇ ನಗುತ್ತಿದ್ದ.

ಅಂದು ಸಂಜೆ ಆಫೀಸಿನಲ್ಲಿ ಗುಲ್ಫಶಾ ನಮ್ಮಿಬ್ಬರಿಗೆ ಲೈನ್ ವಿಮಾನದ ಟಿಕೆಟ್ ಮಾಡಿದಳು. ಕಿಟಕಿಯದೊಂದು, ಪಕ್ಕದ್ದೊಂದು. ಭಾವನಿಗೆ ಹೇಳುವ ಕೆಲಸ ನನ್ನ ಗಂಡನದು. ಅವರು ಫೋನು ಹಿಡಿದು, ಎರಡು ಸಲ ಗಂಟಲು ಸರಿಮಾಡಿಕೊಂಡು, "ಅಣ್ಣಾ, ವಿಜಿ ಮೊಣಕಾಲು ಭಾಳ ಹಿಡದಾವ. ಡಾಕ್ಟರು ನಡುವ ಇಳೀಲೇಬೇಕು ಅಂದಾರ" ಅಂದರು. ಗುಲ್ಫಶಾ ಕಂಪ್ಯೂಟರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ನಾನು ಹಣೆ ಚಚ್ಚಿಕೊಂಡೆ. ಬಸ್ಸಿನಲ್ಲಿ ಹುಲಿ, ಅಣ್ಣನ ಮುಂದೆ ಮತ್ತೆ ಅದೇ ಇಲಿ.

"ಗುಂಪು ಬಿಟ್ಟು ಹೋಗ್ತೀರೇನು?" ಅಂತ ಭಾವ ಬೇಸರ ಮಾಡಿಕೊಂಡರು. ಅದರ ಮರುದಿನ ಅವರ ಮನೆಯೊಳಗೇ ಒಂದು ಬಿರುಕು ಬಿತ್ತು. ಭಾವನ ಹೆಂಡತಿ ನೀಲಗಂಗಮ್ಮ, ನನ್ನ ಬಾಯಲ್ಲಿ ಅಕ್ಕ, ದೊಡ್ಡ ದನಿ ಎತ್ತದ ಹೆಂಗಸು, ಸ್ನಾನ ಮಾಡಿ ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕುವವಳಲ್ಲ. ಚಾರ್ಟರ್ ಬೇಡ ಅಂದುಬಿಟ್ಟಳಂತೆ. ಸೀದಾ ಹೋಗುವ ವಿಮಾನದಲ್ಲಿ ಪೂಜೆ ಎಲ್ಲಿ ಮಾಡುವುದು? ನಡುವೆ ನೆಲಕ್ಕಿಳಿಯಬೇಕು, ಕೈಕಾಲು ಮುಖ ತೊಳೆಯಬೇಕು. ಎಲ್ಲರ ಕಾರಣಗಳನ್ನೂ ಬಡಿದುಹಾಕುವ ಭಾವ ಲಿಂಗಪೂಜೆಯ ಎದುರು ಕೈಮುಗಿದು ಒಪ್ಪಿಕೊಂಡರಂತೆ.

ಅಕ್ಕ ನನಗೆ ಫೋನ್ ಮಾಡಿದಳು. "ನಿಮ್ಮ ವಿಮಾನದಾಗ ನಮಗೂ ಎರಡು ಹಾಕಿಸವ್ವಾ. ನಿಮ್ಮ ಹತ್ರ ಬ್ಯಾಡ, ದೂರ ಇರಲಿ."

"ಪೂಜಿಗೆ ಅಷ್ಟು ತ್ರಾಸ ಆಗ್ತದೇನಕ್ಕಾ?"

"ಪೂಜಿ ಹೆಂಗರ ಮಾಡ್ಕೊತಿದ್ದೆ ಬಿಡು" ಅಂದಳು. ಸುತ್ತ ಯಾರಾದರೂ ಇದ್ದಾರೋ ಅಂತ ನೋಡಿಕೊಂಡಳೇನೋ, ದನಿ ಇಳಿಸಿ ಹೇಳಿದಳು. "ಈ ಮನುಷ್ಯ ಬಾಜೂಕ ಕುಂತ್ರ ಹೆಂಗಿರ್ತದ ಅಂತ ನಾನೂ ಒಂದು ಸಲ ನೋಡಬೇಕಲ್ಲ ವಿಜಯಾ."

ನನಗಿಂತ ಎಷ್ಟೋ ವರ್ಷ ಮೊದಲು ಆ ಮನೆ ಹೊಕ್ಕವಳು ಅವಳು. ಅವಳಿಗೆ ಬಸ್ಸೂ ಇರಲಿಲ್ಲ. "ಕಿಟಕಿದ ಹಾಕಸ್ತೀನಕ್ಕಾ" ಅಂದೆ.

ಗುಂಪಿನ ಹಿರೇತನವನ್ನು ಭಾವ ಉದಯಕುಮಾರನಿಗೆ ವಹಿಸಿಕೊಟ್ಟರು. ಗಿರಣಿಯ ಕೀಲಿ ಕೊಟ್ಟವರಂತೆ ಎರಡು ದಿನ ಮಂಕಾಗಿದ್ದರು. ಚಾರ್ಟರಿನವರು ಮುಂಚೆಯೇ ಹಾರಿದರು. ಚೀಕಲಪರ್ವಿಯ ಸಣ್ಣಮಾವ ವಿಮಾನ ನಿಲ್ಲುವುದಿಲ್ಲ ಅಂತ ಕೇಳಿ ಹೆದರಿ, ಹಿಂದಿನ ದಿನವೇ ಹೈದರಾಬಾದಿಗೆ ಹೋಗಿ ಕೂತಿದ್ದನಂತೆ.

ನಮ್ಮ ದಿನ ಬಂತು. ವಿಮಾನದೊಳಗೆ ಹೋಗಿ ಕೂತೆವು. ಕಿಟಕಿಗೆ ನಾನು, ಪಕ್ಕದಲ್ಲಿ ಅವರು. ಭಾವ ಅಕ್ಕ ನಾಲ್ಕು ಸಾಲು ಮುಂದೆ. ನಾನು ಸೀಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಭಾವ ಎದ್ದು ನಿಂತರು. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು, ಇಡೀ ವಿಮಾನವನ್ನು ಒಮ್ಮೆ ನೋಡಿದರು. ಆ ನೋಟ ನನಗೆ ಗೊತ್ತು. ಕ್ರೂಸರ್ ಬಾಗಿಲಲ್ಲಿ ನಿಂತು ಯಾರು ಎಲ್ಲಿ ಅಂತ ಹಚ್ಚುವ ನೋಟ ಅದು.

"ಲೇ ಶಿವೂ, ಇತ್ತ ಬಾರೋ! ಅಷ್ಟು ಹಿಂದ ಯಾಕ ಕುಂತಿ? ನಿಮ್ಮತ್ತಿಗಿ ಹಿಂದ ಬರ್ತಾಳ, ಅವರಿಬ್ಬರೂ ಅಲ್ಲಿ ಮಾತಾಡ್ಕೊಂತ ಕುಂದರಲಿ."

ನನಗೆ ಗೊತ್ತಿಲ್ಲದಂತೆಯೇ ನನ್ನ ಕೈ ಚಕ್ಕುಲಿ ಡಬ್ಬಿಯ ಚೀಲ ಹುಡುಕಿತು, ಅಕ್ಕನಿಗೆ ಜಾಗ ಮಾಡಲಿಕ್ಕೆ. ಇಪ್ಪತ್ತೈದು ವರ್ಷದ ರೂಢಿ. ಮುಗಿಯಿತು ಅಂದುಕೊಂಡೆ. ಶಿವರಾಜರು ಅರ್ಧ ಎದ್ದರು. ಎದ್ದವರು ಹಾಗೆಯೇ ನಿಂತರು. ಅವರ ಕೈ ನನ್ನ ಕೈಯ ಮೇಲೆ ಬಂದು ಕೂತಿತು.

"ಇಲ್ಲಣ್ಣಾ" ಅಂದರು.

ಭಾವನಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದು ನಂಬಿಕೆಯಾಗಲಿಲ್ಲವೋ. "ಆಂ?"

"ಇಲ್ಲಣ್ಣಾ, ನಾ ಬರಂಗಿಲ್ಲ. ನಾ ನನ್ನ ಹೆಂಡ್ತಿ ಬಾಜೂಕ ಕುಂದರ್ತೀನಿ. ಆಕಿ ಮೊಣಕಾಲಿಗೆ ಏನೂ ಆಗಿಲ್ಲ."

ಸುತ್ತಲಿನ ಜನ ತಿರುಗಿ ನೋಡಿದರು. ಕನ್ನಡ ಬಂದವರು ಎಷ್ಟು ಜನವೋ, ತಿಳಿದವರು ಮಾತ್ರ ಎಲ್ಲರೂ. ಭಾವ ಇನ್ನೂ ನಿಂತೇ ಇದ್ದರು. ಆಗ ಕೆಳಗಿನಿಂದ ಒಂದು ಬಳೆ ತೊಟ್ಟ ಕೈ ಮೇಲೆದ್ದು ಅವರ ವಲ್ಲಿಯ ತುದಿ ಹಿಡಿದು ಎಳೆಯಿತು.

"ಕುಂದರ್ರೀ ಸಾಕು" ಅಂದಳು ಅಕ್ಕ. ಅವಳ ದನಿ ಅಷ್ಟು ದೂರಕ್ಕೆ ಕೇಳಿಸಿದ್ದು ಅದೇ ಮೊದಲು. "ಕಿಟಕಿ ನಿಮಗಂತ ಬಿಟ್ಟೀನಿ. ಬರ್ರಿ."

ಭಾವ ಕೂತರು. ವಿಮಾನ ಮೇಲೇರಿದ ಮೇಲೆ ನೋಡಿದೆ, ಹೊರಗಡೆ ಬೆರಳು ಮಾಡಿ ಅಕ್ಕನಿಗೆ ಮೋಡ ತೋರಿಸುತ್ತಿದ್ದರು, ಗಿರಣಿಯಲ್ಲಿ ಗಿರಾಕಿಗೆ ಅಕ್ಕಿ ತೋರಿಸುವ ಹಾಗೆ. ಅಕ್ಕ ಮೋಡ ನೋಡುತ್ತಿರಲಿಲ್ಲ, ಅವರನ್ನು ನೋಡುತ್ತಿದ್ದಳು.

ನಾನು ನನ್ನ ಗಂಡನ ಕಡೆ ತಿರುಗಿದೆ. ಅಣ್ಣನಿಗೆ ಇಲ್ಲ ಅಂದ ಮನುಷ್ಯ ಬಿಗಿದ ಸೀಟಿನ ಪಟ್ಟಿಯನ್ನೇ ಬಿಚ್ಚಿ ಬಿಚ್ಚಿ ಬಿಗಿಯುತ್ತಿದ್ದರು. ಖುಷಿಗೋ ಹೆದರಿಕೆಗೋ ಅವರಿಗೇ ಗೊತ್ತಿರಲಿಲ್ಲ. ನನಗೆ ಅವರ ಮೇಲೆ ಬಂದ ಪ್ರೀತಿಯನ್ನು ಅಲ್ಲಿ ಹೇಗೆ ತೋರಿಸುವುದು, ಒಂದು ಚಕ್ಕುಲಿ ಕೊಟ್ಟೆ. ಆಮೇಲೆ ಅವರು ಮಾತು ಶುರುಮಾಡಿದರು. ಅಂಗಡಿಯದು, ಪರಊರಲ್ಲಿ ಓದುತ್ತಿರುವ ಮಗಳು ದೇವಿಕಾಳದು, ನಾನು ಕೇಳಿದ್ದು, ಕೇಳದ್ದು. ಕೇಳುತ್ತ ಕೇಳುತ್ತ ಅವರ ಹೆಗಲಿಗೆ ತಲೆಯಿಟ್ಟೆ. ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ.

ಗಾಲಿ ನೆಲಕ್ಕೆ ತಗಲಿ ಮೈ ಕುಲುಕಿತು. ಕಿಟಕಿಯಾಚೆ ಬಿಸಿಲು, ಮರಳು, ಗಲ್ಫಿನ ಅಪರಿಚಿತ ಊರು. ಎಲ್ಲರೂ ಎದ್ದು ಚೀಲ ಇಳಿಸುತ್ತಿದ್ದರು. ಹೆಗಲು ಮೆಲ್ಲಗೆ ಅಲುಗಿತು.

"ಏ ವಿಜಿ, ಏಳು" ಅಂದರು ಶಿವರಾಜ. "ಗಬ್ಬೂರು ಬಂತು."

"ಬಜ್ಜ್ಯಾದ್ರೂ ಸಿಗ್ತಾವೇನ್ರಿ ಇಲ್ಲಿ?"

"ನಡಿ, ನೋಡೂಣು."

ಈಜಿಪ್ಟ್ ಇನ್ನೂ ದೂರವಿತ್ತು. ನನಗೆ ಯಾವ ಅವಸರವೂ ಇರಲಿಲ್ಲ.